ಸಿನಿಮಾ ಓದೋಕೆ ಎಲ್ಲಿಗೆ ಹೋಗಲಿ? ಧರ್ಮದ ಹೆಸರಿನ ಕತ್ತರಿ ನೋಡಿ ತಲೆ ಕೆಟ್ಟಿದೆ

ತುಂಗಾ_ತೀರ

ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಶಿವಮೊಗ್ಗದಲ್ಲಿ ಬಿಎ ಕೊನೇ ವರ್ಷದಲ್ಲಿದ್ದೇನೆ. ಮುಂದೆ ಸಿನಿಮಾ ನಿರ್ದೇಶನ ಕಲಿಯೋ ಆಸೆ. ಮನೆಯಲ್ಲಿ ಬೇಡ ಅಂದಿಲ್ಲ. ಆದರೆ ಎಲ್ಲಿ ಓದ್ತೀಯ, ಎಷ್ಟು ಖರ್ಚು, ಮುಗಿಸಿ ಏನು ಮಾಡ್ತೀಯ ಅಂತ ಅಪ್ಪ ದಿನಾ ಕೇಳುತ್ತಾರೆ. ಪುಣೆಯ ಎಫ್‌ಟಿಐಐ ಅಥವಾ ಕೋಲ್ಕತಾದ ಸತ್ಯಜಿತ್ ರೇ ಸಂಸ್ಥೆಗೆ (ಎರಡೂ ಸರ್ಕಾರಿ ಸಿನಿಮಾ ಶಾಲೆಗಳು) ಪರೀಕ್ಷೆ ಬರೆಯಬಹುದು, ಸಿಗೋದು ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಎ ಫಿಲ್ಮ್ ಕೋರ್ಸಿಗೆ ಸೀಟು ಹೆಚ್ಚುಕಡಿಮೆ ಸಿಕ್ಕ ಹಾಗೇ. ಇದೆರಡೂ ಬಿಟ್ಟು ಎಲ್‌ಎಲ್‌ಬಿಗೆ ಸೇರೋಣ ಅಂತಲೂ ಈಚೆಗೆ ಅನ್ನಿಸೋಕೆ ಶುರುವಾಗಿದೆ. ಸಿನಿಮಾ ಹುಚ್ಚಿನವಳಿಗೆ ಲಾ ಯಾಕೆ ಬಂತು ಅಂದ್ರೆ, ಹೇಳ್ತೀನಿ.

ಖಾಸಗಿ ವಿವಿಯ ಕ್ಯಾಂಪಸ್ ನೋಡೋಕೆ ಹೋಗಿದ್ದೆ. ಸ್ಟುಡಿಯೋ ಚೆನ್ನಾಗಿದೆ. ಕ್ಯಾಮೆರಾ ಎಲ್ಲ ಹೊಸದು. ಆದರೆ ಅಡ್ಮಿಶನ್ ಫಾರ್ಮಿನ ಕೊನೇ ಪುಟದಲ್ಲಿ ಒಂದು ಮುಚ್ಚಳಿಕೆ ಇತ್ತು. ವಿದ್ಯಾರ್ಥಿ ಮಾಡುವ ಪ್ರತಿ ಚಿತ್ರದ ಸ್ಕ್ರಿಪ್ಟನ್ನೂ ವಿಭಾಗಕ್ಕೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು, ಯಾವುದೇ ಧರ್ಮದವರ ಭಾವನೆಗೆ ನೋವಾಗುವ ದೃಶ್ಯ ಇರಬಾರದು, ಇದ್ದರೆ ಶಿಸ್ತುಕ್ರಮ. ಕೆಳಗೆ ನನ್ನ ಸಹಿ, ಪೋಷಕರ ಸಹಿ. ನೋವಾಯಿತು ಅಂತ ಯಾರು ತೀರ್ಮಾನ ಮಾಡ್ತಾರೆ ಅಂತ ಕೇಳಿದೆ. ಕೌಂಟರಿನಲ್ಲಿ ಕೂತಿದ್ದವರು ನಕ್ಕು, "ಎಲ್ಲರೂ ಸಹಿ ಹಾಕ್ತಾರಮ್ಮ, ಯಾರೂ ಓದಲ್ಲ" ಅಂದರು.

ನನಗೆ ಈ ಪುಟ ಚುಚ್ಚೋಕೆ ಕಾರಣ ಇದೆ. ಹೋದ ವರ್ಷ ಕಾಲೇಜ್ ಫೆಸ್ಟಿಗೆ ಒಂದು ಕಿರುಚಿತ್ರ ಮಾಡಿದ್ದೆವು. ಮಾರಿ ಜಾತ್ರೆಯಲ್ಲಿ ಗಂಡ ತೀರಿಹೋದ ಹೆಂಗಸೊಬ್ಬಳು ಅಮ್ಮನವರಿಗೆ ಉಡಿ ತುಂಬೋಕೆ ಸಾಲಿನಲ್ಲಿ ನಿಲ್ಲುತ್ತಾಳೆ, ಅಷ್ಟೇ ಕಥೆ. ಬೈಗುಳ ಇಲ್ಲ, ಭಾಷಣ ಇಲ್ಲ. ಫೆಸ್ಟಿನ ದಿನ ಬೆಳಿಗ್ಗೆ ಪಟ್ಟಿಯಲ್ಲಿ ನಮ್ಮ ಚಿತ್ರದ ಹೆಸರೇ ಇರಲಿಲ್ಲ. ದೇವಿಗೆ ಅವಮಾನ ಆಗುತ್ತೆ ಅಂತ ಯಾರೋ ದೂರು ಕೊಟ್ಟಿದ್ದರಂತೆ. ದೂರು ಕೊಟ್ಟವರು ಚಿತ್ರ ನೋಡಿರಲಿಲ್ಲ. ಬೇಡ ಅಂದ ಮೇಷ್ಟ್ರೂ ನೋಡಿರಲಿಲ್ಲ. ನೋಡಿದವರು ನಮ್ಮಪ್ಪ ಒಬ್ಬರೇ. ಊರ ದೇವಸ್ಥಾನದಲ್ಲಿ ಪೂಜೆ ಮಾಡೋರು ಅವರು. ಪೂರ್ತಿ ನೋಡಿ, "ಉಡಿಯಲ್ಲಿ ಅಕ್ಕಿ, ಕಾಯಿ, ಎಲೆಯಡಿಕೆ ಎಲ್ಲ ಇಟ್ಟಿದ್ದೀಯ, ಕಣ ಇಡೋದು ಬಿಟ್ಟಿದ್ದೀಯ" ಅಂದರು. ಕಣ ಅಂದ್ರೆ ರವಿಕೆ ಬಟ್ಟೆ. ಅವರ ತಕರಾರು ಅದೊಂದೇ.

ಪುಣೆಗೆ ಹೋಗ್ತೀನಿ ಅಂದ್ರೆ ಅದೇ ಅಪ್ಪ, ಅಲ್ಲಿ ಹುಡುಗರಿಗೆ ಹೊಡೆದ್ರಂತಲ್ಲ ಅಂತಾರೆ. ಅದೂ ನಿಜ. 2024ರ ಜನವರಿ 23ರಂದು, ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ಮರುದಿನ, ಎಫ್‌ಟಿಐಐ ಒಳಗೆ ಗುಂಪು ನುಗ್ಗಿ ಬಾಬರಿ ಬಗ್ಗೆ ಇದ್ದ ಬ್ಯಾನರ್ ಸುಟ್ಟು ವಿದ್ಯಾರ್ಥಿಗಳನ್ನು ಹೊಡೆದಿತ್ತು.

ನನ್ನ ಪ್ರಶ್ನೆ ಇದು. ಎಲ್ಲ ಕಡೆಯೂ ಕತ್ತರಿ ಇದ್ದೇ ಇದ್ದರೆ ಯಾವ ಜಾಗ ಆರಿಸಬೇಕು? ಅಥವಾ ಮೊದಲು ಕಾನೂನು ಓದಿ ಕತ್ತರಿ ಹಿಡಿದವರ ಜೊತೆ ಜಗಳ ಆಡೋದು ಕಲಿಯಬೇಕಾ?

ಟೈಮ್‌ಲೈನ್_ಗುಲಾಮ

ಪೋಸ್ಟ್ ಪ್ರೊಡಕ್ಷನ್‌ನಲ್ಲಿ ಕೆಲಸ ಮಾಡೋನು ನಾನು. ಸೌಂಡ್, ಎಡಿಟ್, ಎಲ್ಲ ಸ್ವಲ್ಪ ಸ್ವಲ್ಪ. ಎಫ್‌ಟಿಐಐ ಓದಿದವನಲ್ಲ, ಓದಿದವರ ಜೊತೆ ದಿನಾ ಕೂತು ಜಗಳ ಆಡೋನು.

ಮೊದಲು ಸೆನ್ಸಾರ್ ಅಂದ್ರೆ ನಮ್ಮ ಟೇಬಲ್ ಮೇಲೆ ಏನಾಗುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಪೇಪರಿನಲ್ಲಿ "ಇಷ್ಟು ಕಡೆ ಕಟ್" ಅಂತ ಓದಿ ಜನ ಅದನ್ನ ಕತ್ತರಿಯಲ್ಲಿ ಬಟ್ಟೆ ಕತ್ತರಿಸೋ ಹಾಗೆ ಅಂದ್ಕೊಂಡಿದ್ದಾರೆ. ಮ್ಯೂಟ್ ಮಾಡಿ ಅಂತ ಪಟ್ಟಿ ಬರುತ್ತೆ. ಆ ಪದದ ಜಾಗದಲ್ಲಿ ಡೈಲಾಗ್ ಟ್ರ್ಯಾಕ್ ತೆಗೆದು ಸುಮ್ನೆ ಖಾಲಿ ಬಿಟ್ಟರೆ ಥಿಯೇಟರಿನಲ್ಲಿ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತೆ. ಹಾಗಾಗಿ ಅದೇ ರೂಮಿನ ಫ್ಯಾನ್ ಸದ್ದು, ದೂರದ ಟ್ರಾಫಿಕ್, ಏನಿತ್ತೋ ಅದನ್ನ ಹುಡುಕಿ ಅಲ್ಲಿ ತುಂಬಬೇಕು. ತುಟಿ ಆಡ್ತಾ ಇರುತ್ತೆ, ಮಾತು ಇರಲ್ಲ. ಕ್ಲೋಸಪ್ ಆದ್ರೆ ಇನ್ನೂ ಕಷ್ಟ, ಎದುರಿಗಿರೋನ ಮುಖದ ಶಾಟ್ ಎಳೆದು ಮುಚ್ಚಬೇಕು. ಆಮೇಲೆ ಮತ್ತೆ ಮಿಕ್ಸ್, ಮತ್ತೆ ಡಿಸಿಪಿ, ಅಂದ್ರೆ ಥಿಯೇಟರಿಗೆ ಹೋಗೋ ಡಿಜಿಟಲ್ ಕಾಪಿ. ಬೇರೆ ಭಾಷೆಗೆ ಡಬ್ ಆಗಿದ್ರೆ ಅಲ್ಲೂ ಅಷ್ಟೂ ಕೆಲಸ. ರಿಲೀಸ್ ದಿನಾಂಕ ಮಾತ್ರ ಅಲ್ಲೇ ಇರುತ್ತೆ, ಶುಕ್ರವಾರ ನಮಗೋಸ್ಕರ ಕಾಯಲ್ಲ.

2025ರಲ್ಲಿ ಮಲಯಾಳಂನ ಜಾನಕಿ ಸಿನಿಮಾ ನೆನಪಿದೆಯಲ್ಲ. ಅತ್ಯಾಚಾರಕ್ಕೆ ಒಳಗಾದ ಪಾತ್ರಕ್ಕೆ ಸೀತೆಯ ಹೆಸರು ಯಾಕೆ ಅಂತ ಸೆನ್ಸಾರ್ ಮಂಡಳಿ ತಕರಾರು ತೆಗೆಯಿತು. ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳು ಸಿನಿಮಾ ನೋಡಿದರು. ಕೊನೆಗೆ ಶೀರ್ಷಿಕೆಯಲ್ಲಿ ಹೆಸರಿನ ಪಕ್ಕ ಒಂದು ಇನಿಶಿಯಲ್ "ವಿ" ಸೇರಿತು, ಕೋರ್ಟ್ ದೃಶ್ಯದ ಪಾಟೀಸವಾಲಿನಲ್ಲಿ ಹೆಸರು ಮ್ಯೂಟ್ ಆಯಿತು, ಜುಲೈ 17ಕ್ಕೆ ಬಿಡುಗಡೆ ಆಯಿತು. ಒಂದು ಇನಿಶಿಯಲ್‌ನಿಂದ ಯಾರ ಭಕ್ತಿ ಉಳಿಯಿತೋ ನನಗಂತೂ ಗೊತ್ತಾಗಲಿಲ್ಲ. ಆ ಮ್ಯೂಟ್ ಮಾಡಿದ ಹುಡುಗನ ಪಾಡು ಮಾತ್ರ ಗೊತ್ತು.

ಇಷ್ಟೆಲ್ಲ ಹೇಳಿದ್ರೂ, ಮಂಡಳಿ ಕತ್ತರಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಲ್ಲ. ಅದು ಕಾಗದದ ಮೇಲೆ ಬರುತ್ತೆ, ಉತ್ತರ ಕೊಡಬಹುದು. ಕಾಗದವೇ ಇಲ್ಲದ ಕಡೆ ಕಷ್ಟ. ಒಂದು ಒಟಿಟಿ ಪ್ರಾಜೆಕ್ಟಿನಲ್ಲಿ ಶೂಟಿಂಗಿಗೂ ಮೊದಲೇ ಕಂಪನಿಯ ಲೀಗಲ್ ಟೀಮಿನಿಂದ ಎಕ್ಸೆಲ್ ಶೀಟ್ ಬಂದಿತ್ತು. ಪುಟ ಸಂಖ್ಯೆ, ಸಾಲು, ಪಕ್ಕದ ಕಾಲಮ್ಮಿನಲ್ಲಿ ಧರ್ಮದ ರಿಸ್ಕ್ ಎಷ್ಟು ಅಂತ ಕೆಂಪು, ಹಳದಿ, ಹಸಿರು. ಅಡುಗೆಮನೆ ಗೋಡೆಯ ಮೇಲಿನ ದೇವರ ಕ್ಯಾಲೆಂಡರ್ ಹಳದಿ! ಬರೆದವನು ಕೆಂಪನ್ನೆಲ್ಲ ತಾನೇ ತೆಗೆದ. ಹಳದಿಯನ್ನೂ ತೆಗೆದ, ಯಾರೂ ಕೇಳಿರಲಿಲ್ಲ. ಅದಕ್ಕೆ ಸುದ್ದಿ ಇಲ್ಲ, ಕೋರ್ಟೂ ಇಲ್ಲ.

ಹಾಗಾಗಿ ನಿಮ್ಮ ಖಾಸಗಿ ವಿವಿಯ ಮುಚ್ಚಳಿಕೆ ನೋಡಿ ನಂಗೆ ಆಶ್ಚರ್ಯ ಆಗಲಿಲ್ಲ, ಸಿಟ್ಟು ಬಂತು. ಇಪ್ಪತ್ತೆರಡರ ವಯಸ್ಸಿಗೇ ಹಳದಿ ತೆಗೆಯೋದು ಅಭ್ಯಾಸ ಮಾಡಿಸಿಬಿಟ್ಟರೆ ಆಮೇಲೆ ಮಂಡಳಿಗೆ ಕೆಲಸವೇ ಇರಲ್ಲ.

ಕಪ್ಪುಕೋಟು

ವಕೀಲ. ನೀವು ಲಾ ವಿಷಯ ಎತ್ತಿದ್ದಕ್ಕೆ ಬರೀತಾ ಇದ್ದೀನಿ.

ಕಾಗದದ ಮೇಲೆ ನಮ್ಮ ದೇಶದ ಕಾನೂನು ಸಿನಿಮಾದವರ ಕಡೆಗೇ ಇದೆ, ಬಹುಪಾಲು. 1970ರಲ್ಲಿ ಕೆ.ಎ. ಅಬ್ಬಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಬಿಡುಗಡೆಗೆ ಮುಂಚೆಯೇ ಸೆನ್ಸಾರ್ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದಿತು, ಅಲ್ಲಿಗೆ ಆ ಬಾಗಿಲು ಮುಚ್ಚಿತು. ಆದರೆ 1989ರ ರಂಗರಾಜನ್ ತೀರ್ಪಿನಲ್ಲಿ, ಗಲಾಟೆ ಆಗುತ್ತೆ ಅಂತ ಬೆದರಿಕೆ ಬಂದ ಮಾತ್ರಕ್ಕೆ ಸಿನಿಮಾ ನಿಲ್ಲಿಸೋ ಹಾಗಿಲ್ಲ, ರಕ್ಷಣೆ ಕೊಡೋದು ಸರ್ಕಾರದ ಕೆಲಸ, ಕೈಲಾಗಲ್ಲ ಅಂತ ನೆಪ ಹೇಳೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ.

ಇದಕ್ಕಿಂತ ಮುಖ್ಯವಾದ ಕೇಸು ನಮ್ಮ ಕನ್ನಡದವರದ್ದು, ಕನ್ನಡಿಗರಿಗೇ ಗೊತ್ತಿಲ್ಲ. ಕೆ.ಎಂ. ಶಂಕರಪ್ಪ ಅಂತ ನಿರ್ದೇಶಕರು, ಅವರೂ ಪುಣೆಯಲ್ಲಿ ಓದಿದವರೇ. ಮಂಡಳಿ, ಟ್ರಿಬ್ಯುನಲ್ ಎಲ್ಲ ದಾಟಿ ಬಂದ ಸಿನಿಮಾವನ್ನೂ ಕೇಂದ್ರ ಸರ್ಕಾರ ಮತ್ತೆ ಪರಿಶೀಲಿಸಿ ತಡೆಯಬಹುದು ಅನ್ನೋ ಅಧಿಕಾರ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿತ್ತು. ಅವರು ಅದನ್ನ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ 1990ರಲ್ಲಿ ಆ ಅಧಿಕಾರವನ್ನ ಹೊಡೆದುಹಾಕಿತು, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇವತ್ತು ದೇಶದ ಯಾವುದೇ ನಿರ್ಮಾಪಕ ಸರ್ಟಿಫಿಕೇಟ್ ಆದಮೇಲೆ ಸರ್ಕಾರ ತಲೆ ಹಾಕಬಾರದು ಅಂತ ವಾದಿಸೋದು ಆ ತೀರ್ಪನ್ನ ಹಿಡಿದುಕೊಂಡೇ.

ಇಷ್ಟಿದ್ದೂ ಏನಾಗುತ್ತೆ ನೋಡಿ. 2013ರಲ್ಲಿ ಕಮಲ್ ಹಾಸನ್ ಅವರ ವಿಶ್ವರೂಪಂಗೆ ಸರ್ಟಿಫಿಕೇಟ್ ಇತ್ತು. ಮುಸ್ಲಿಂ ಸಂಘಟನೆಗಳು ಆಕ್ಷೇಪ ಎತ್ತಿದವು, ತಮಿಳುನಾಡಿನಲ್ಲಿ ಜಿಲ್ಲಾಧಿಕಾರಿಗಳು 144 ಹಾಕಿ ನಿಲ್ಲಿಸಿದರು. ಕೆಲವು ಕಡೆ ಮಾತು ಅಳಿಸೋಕೆ ಒಪ್ಪಿದ ಮೇಲೆ ಫೆಬ್ರವರಿ 7ಕ್ಕೆ ತೆರೆಗೆ ಬಂತು. ನಮ್ಮಲ್ಲೇ 2024ರ ಜೂನ್‌ನಲ್ಲಿ ಹಮಾರೆ ಬಾರಹ್ ಅನ್ನೋ ಹಿಂದಿ ಚಿತ್ರವನ್ನ ರಾಜ್ಯ ಸರ್ಕಾರ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಬಳಸಿ ಎರಡು ವಾರ ತಡೆಯಿತು. ಆ ಚಿತ್ರ ನನಗೆ ಇಷ್ಟ ಇಲ್ಲ, ಟ್ರೇಲರೇ ಕೆಟ್ಟದಾಗಿತ್ತು. ಆದರೂ ತಡೆದದ್ದು ತಪ್ಪು. ಕ್ರೈಸ್ತರ ಆಕ್ಷೇಪ ಅಂತ 2006ರಲ್ಲಿ ಡಾವಿಂಚಿ ಕೋಡ್ ಕೆಲವು ರಾಜ್ಯಗಳಲ್ಲಿ ನಿಂತಿತ್ತು, ಆಂಧ್ರ ಹೈಕೋರ್ಟ್ ಅಲ್ಲಿನ ನಿಷೇಧ ರದ್ದು ಮಾಡಿತು. ಯಾವ ಧರ್ಮದವರೂ, ಯಾವ ಪಕ್ಷದ ಸರ್ಕಾರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

ಕೋರ್ಟಿನಲ್ಲಿ ಗೆಲ್ತೀವಿ, ಥಿಯೇಟರಿನಲ್ಲಿ ಸೋಲ್ತೀವಿ. ತೀರ್ಪು ಬರೋ ಹೊತ್ತಿಗೆ ಮೊದಲ ವಾರದ ಕಲೆಕ್ಷನ್ ಹೋಗಿರುತ್ತೆ. ಮೊದಲು ಎಫ್‌ಸಿಎಟಿ ಅಂತ ಮೇಲ್ಮನವಿ ಟ್ರಿಬ್ಯುನಲ್ ಇತ್ತು, ಬೇಗ ಆಗ್ತಿತ್ತು, ಖರ್ಚೂ ಕಡಿಮೆ. 2021ರ ಏಪ್ರಿಲ್‌ನಲ್ಲಿ ಅದನ್ನ ರದ್ದು ಮಾಡಿದರು. ಈಗ ಮಂಡಳಿಯದೇ ಮರುಪರಿಶೀಲನೆಯ ರಿವೈಸಿಂಗ್ ಕಮಿಟಿಯೂ ಒಪ್ಪದಿದ್ದರೆ ನೇರ ಹೈಕೋರ್ಟ್. ಸಣ್ಣ ನಿರ್ಮಾಪಕ ವಕೀಲರ ಫೀಸು ಕೇಳಿದ ಕೂಡಲೇ "ಎಲ್ಲಿ ಕಟ್ ಮಾಡಬೇಕು ಹೇಳಿ" ಅಂತಾನೆ.

ಹಾಗಾಗಿ ಬರೀ ಸೆನ್ಸಾರ್ ಮೇಲಿನ ಸಿಟ್ಟಿಗೆ ಲಾ ಓದಬೇಡಿ. ಈ ಕ್ಷೇತ್ರದ ಕೇಸುಗಳಿಂದ ಹೊಟ್ಟೆ ತುಂಬೋದಿಲ್ಲ, ನಾನು ಬದುಕ್ತಿರೋದು ಆಸ್ತಿ ವ್ಯಾಜ್ಯಗಳಿಂದ. ನಿಜಕ್ಕೂ ಆಸಕ್ತಿ ಇದ್ದರೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಕೊಡ್ತಿದೆ, ಅವರದೇ ಪರೀಕ್ಷೆ, ಫೀಸು ಜಾಸ್ತಿ. ಹುಬ್ಬಳ್ಳಿಯ ರಾಜ್ಯ ಕಾನೂನು ವಿವಿಗೆ ಸೇರಿದ ಕಾಲೇಜು ಶಿವಮೊಗ್ಗದಲ್ಲೇ ಇದೆ. ಸಿನಿಮಾ ಮಾಡಿ, ನಾಲ್ಕು ವರ್ಷ ಬಿಟ್ಟು ಬೇಕು ಅನ್ನಿಸಿದರೆ ಆಗಲೂ ಲಾ ಓದಬಹುದು.

ಕುಂದಾಪುರ_ಭಟ್ರು

ಎಲ್ಲ ಒಂದೇ ಕಡೆ ಮಾತಾಡ್ತಾ ಇದ್ದೀರಿ, ನನ್ನದೂ ಸ್ವಲ್ಪ ಕೇಳಿ.

ತಂಗಿ, ನಿಮ್ಮ ಚಿತ್ರ ನೋಡದೆ ನಿಲ್ಲಿಸಿದ್ದು ತಪ್ಪು. ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಧರ್ಮದ ವಿಷಯದಲ್ಲಿ ಆಕ್ಷೇಪ ಎತ್ತಿದವರೆಲ್ಲ ಗೂಂಡಾಗಳು ಅನ್ನೋ ಧಾಟಿ ಸರಿಯಲ್ಲ ಮಾರಾಯ್ರೇ. ಸಿನಿಮಾದಲ್ಲಿ ಪುರೋಹಿತ ಅಂದ್ರೆ ಏನು? ಹೊಟ್ಟೆ, ಜುಟ್ಟು, ದಕ್ಷಿಣೆ ಆಸೆ, ಹೆಂಗಸರ ಮೇಲೆ ಕಣ್ಣು. ನಾಲ್ಕು ದಶಕದಿಂದ ಅದೇ ಜೋಕು. ನನ್ನ ಮಗ ಹೈಸ್ಕೂಲಿನಲ್ಲಿ ಅದೇ ಡೈಲಾಗು ಕೇಳಿ ಕೇಳಿ ಮನೆಗೆ ಬಂದು ಜುಟ್ಟು ತೆಗೀತೇನೆ ಅಂದಿದ್ದ. ಅವನಿಗೆ ಯಾವ ಕೋರ್ಟು?

2021ರಲ್ಲಿ ಪೊಗರು ಬಂದಾಗ ಹೋಮ ಮಾಡುವವರನ್ನು ಅವಮಾನಿಸೋ ದೃಶ್ಯಗಳ ಬಗ್ಗೆ ಬ್ರಾಹ್ಮಣ ಸಂಘಟನೆಗಳು ಪ್ರತಿಭಟಿಸಿದವು. ನಿರ್ದೇಶಕರು ಕ್ಷಮೆ ಕೇಳಿದರು, 14 ದೃಶ್ಯಕ್ಕೆ ಕತ್ತರಿ ಬಿತ್ತು, ಸಿನಿಮಾ ಓಡಿತು. ಬೆಂಕಿ ಹಚ್ಚಿದ್ದಾ? ಇಲ್ಲ. ಮನವಿ ಕೊಟ್ಟೆವು, ಮಾತಾಡಿದೆವು. ಪ್ರತಿಭಟನೆ ಮಾಡೋದೂ ಅಭಿವ್ಯಕ್ತಿ ಸ್ವಾತಂತ್ರ್ಯವೇ ಅಲ್ವಾ? ನಿಮಗೆ ತೋರಿಸೋ ಹಕ್ಕಿದ್ದರೆ ನಮಗೆ ಬೈಯೋ ಹಕ್ಕಿದೆ.

ಇನ್ನೊಂದು ಮಾತು. ನಿಮ್ಮ ತಂದೆ ಕಣ ಬಿಟ್ಟಿದ್ದೀ ಅಂದರಲ್ಲ, ಅದು ಬಹಳ ದೊಡ್ಡ ಮಾತು. ಆಚರಣೆ ಗೊತ್ತಿದ್ದವರು ಟೀಕೆ ಮಾಡಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮಂತ್ರ ಯಾವುದು, ಯಾವಾಗ ಹೇಳ್ತಾರೆ ಅಂತಲೂ ಗೊತ್ತಿಲ್ಲದವರು ಕ್ರಾಂತಿ ಮಾಡೋಕೆ ಹೊರಟಾಗ ಮೈ ಉರಿಯುತ್ತೆ.

ಕಪ್ಪುಕೋಟು

ಭಟ್ರೇ, ಬೈಯೋ ಹಕ್ಕು ನಿಮಗೆ ಪೂರ್ತಿ ಇದೆ. ಥಿಯೇಟರ್ ಎದುರು ಬೋರ್ಡ್ ಹಿಡಿದು ನಿಲ್ಲಿ, ಯಾರೂ ನೋಡಬೇಡಿ ಅಂತ ಕರೆ ಕೊಡಿ. ಕೇಸು ಹಾಕೋದಾದರೂ ಹಾಕಿ. ಧರ್ಮಕ್ಕೆ ಅವಮಾನ ಮಾಡೋದರ ಕಲಂ ಇದೆ, ಹಳೇ 295ಎ, ಈಗ ಭಾರತೀಯ ನ್ಯಾಯ ಸಂಹಿತೆಯ 299. ಆದರೆ ಅದು ಬೇಕಂತಲೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಗೆರೆ ಎಳೆದಿದೆ. ಕೆಟ್ಟ ಜೋಕು, ತಿಳಿಯದೆ ಮಾಡಿದ ತಪ್ಪು ಅದರಲ್ಲಿ ಬರಲ್ಲ. ನನ್ನ ಜಗಳ ಇರೋದು, ಸರ್ಟಿಫಿಕೇಟ್ ಆದಮೇಲೆ ಬೀದಿಯಲ್ಲಿ ಜನ ಸೇರಿಸಿ ಎರಡನೇ ಸೆನ್ಸಾರ್ ನಡೆಸೋದರ ಬಗ್ಗೆ.

ಟೈಮ್‌ಲೈನ್_ಗುಲಾಮ

ಭಟ್ರ ಮಗನ ವಿಷಯ ಓದಿ ಬೇಜಾರಾಯ್ತು, ಆ ಜೋಕುಗಳು ಸೋಮಾರಿತನವೇ, ಒಪ್ತೀನಿ. ಆದರೆ ಒಂದು ಯೋಚನೆ ಮಾಡಿ ಸರ್. ಕೂಗೋಕೆ ಸಂಘ ಇದ್ದವರ ದೃಶ್ಯ ಮಾತ್ರ ಕಟ್ ಆಗುತ್ತೆ. ಅದೇ ತರಹದ ಸಿನಿಮಾಗಳಲ್ಲಿ ಮನೆಗೆಲಸದವಳ ಬಗ್ಗೆ, ಹಕ್ಕಿಪಿಕ್ಕಿಯವರ ಬಗ್ಗೆ, ಮಂಗಳಮುಖಿಯರ ಬಗ್ಗೆ ಇರೋ ಜೋಕುಗಳು ಹಾಗೇ ಉಳಿಯುತ್ತವೆ. ನೋವು ಯಾರದ್ದು ಜಾಸ್ತಿ ಅಂತ ಅಲ್ಲ ಇಲ್ಲಿ ಲೆಕ್ಕ, ಗಂಟಲು ಯಾರದ್ದು ದೊಡ್ಡದು ಅಂತ.

ಗಾಂಧಿ_ಕ್ಲಾಸ್

ಮಗಳೇ, ನಾನು ನಿವೃತ್ತ ಮೇಷ್ಟ್ರು. ಸಂಸ್ಕಾರ ಸಿನಿಮಾದ ಗಲಾಟೆ ನಡೆದಾಗ ಹೈಸ್ಕೂಲಿನಲ್ಲಿದ್ದೆ. ಈಗಿನವರಿಗೆ ಅದು ಬರೀ ಜಿಕೆ ಪ್ರಶ್ನೆ.

ಅನಂತಮೂರ್ತಿಯವರ ಕಾದಂಬರಿ. ಅಗ್ರಹಾರದಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸಾಯ್ತಾನೆ, ಹೆಣ ಯಾರು ಸುಡಬೇಕು ಅನ್ನೋದೇ ಜಗಳ. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ಮಾಡಿದವರು ಕಾರ್ನಾಡ್, ನಾರಣಪ್ಪ ಆದವರು ಲಂಕೇಶ್. ನಮ್ಮ ಸಿನಿಮಾಗಳು ಆಗ ಮದ್ರಾಸಿನ ಸೆನ್ಸಾರಿಗೆ ಹೋಗಬೇಕಿತ್ತು. ಅವರು ತೆರೆಗೆ ತರೋಕೇ ಬಿಡಲಿಲ್ಲ. ಜಾತಿ ಮಾತು ಬಂದಿದೆ, ಜನ ಕೆರಳುತ್ತಾರೆ ಅಂತ ಭಯ. ಕೊನೆಗೆ ಕೇಂದ್ರದ ಮಟ್ಟದಲ್ಲಿ ನಿಷೇಧ ತೆರವಾಗಿ 1970ರಲ್ಲಿ ಬಂತು. ಅದೇ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಚಿನ್ನದ ಪದಕ, ಕನ್ನಡಕ್ಕೆ ಮೊದಲನೆಯದು. ಮದ್ರಾಸಿನಲ್ಲಿ ಅಪಾಯ, ದೆಹಲಿಯಲ್ಲಿ ಚಿನ್ನ! ನಮ್ಮೂರ ಟೆಂಟಿಗೆ ಬಂದಾಗ ಅಗ್ರಹಾರದವರೇ ಮುಂದಿನ ಸಾಲಿನಲ್ಲಿ ಕೂತು ನೋಡಿದರು. ಹೊರಗೆ ಬಂದು ಎರಡು ಪಂಗಡ ಆಗಿ ರಾತ್ರಿಯೆಲ್ಲ ವಾದ ಮಾಡಿದರು. ಯಾರೂ ಟೆಂಟು ಸುಡಲಿಲ್ಲ.

ಇನ್ನು ನಿನ್ನ ಓದಿನ ವಿಷಯ. ಗಿರೀಶ ಕಾಸರವಳ್ಳಿಯವರು ನಿನ್ನ ಜಿಲ್ಲೆಯವರು, ತೀರ್ಥಹಳ್ಳಿ ತಾಲ್ಲೂಕು. ಮಣಿಪಾಲದಲ್ಲಿ ಬಿಫಾರ್ಮಾ ಓದಿ ಆಮೇಲೆ ಪುಣೆಗೆ ಹೋದವರು. 1977ರಲ್ಲಿ ಘಟಶ್ರಾದ್ಧ ಮಾಡಿದರು, ವೇದಪಾಠಶಾಲೆಯ ಒಳಗಿನ ಕಥೆ. ಭಟ್ಟರು ಮೇಲೆ ಬರೆದಿದ್ದಾರಲ್ಲ, ಆಚರಣೆ ಗೊತ್ತಿದ್ದವರು ಟೀಕಿಸಿದರೆ ಅಂತ. ಆ ಸಿನಿಮಾ ನೋಡಿ ಭಟ್ಟರೇ, ನೀವು ಹೇಳಿದ್ದು ಅದನ್ನೇ.

ಹೆಸರಘಟ್ಟದ ಸರ್ಕಾರಿ ಸಂಸ್ಥೆಯ ಹೆಸರನ್ನು ಯಾರೂ ಎತ್ತಲಿಲ್ಲ. ಹಿಂದೆ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಿನ ವಿಭಾಗ ಅದು. ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದು ಅಲ್ಲಿಯೇ. ಆದರೆ ಅದು ಹತ್ತನೇ ತರಗತಿ ಆದಮೇಲಿನ ಡಿಪ್ಲೊಮಾ, ಕ್ಯಾಮೆರಾ ಮತ್ತು ಶಬ್ದಗ್ರಹಣ. ನಿರ್ದೇಶನ ಕಲಿಯೋ ನಿನಗೆ ಹೊಂದೋದಿಲ್ಲ. ಇದನ್ನು ಓದೋ ಬೇರೆ ಯಾವ ಹುಡುಗರಿಗಾದರೂ ಉಪಯೋಗ ಆದೀತು.

ಬೈಪಾಸ್_ಕನ್ನಡಿಗ

ಕೋಲ್ಕತಾದ ಸತ್ಯಜಿತ್ ರೇ ಸಂಸ್ಥೆಯಲ್ಲಿ ಓದ್ತಾ ಇದ್ದೀನಿ, ಹಾವೇರಿ ಕಡೆಯವನು. ಅಕ್ಕ, ನೀವು ಪರೀಕ್ಷೆ ಬರೀರಿ, ಸುಮ್ನೆ ಹೆದರಬೇಡಿ.

ಯಾವ ಡಿಗ್ರಿ ಆದರೂ ನಡೆಯುತ್ತೆ. ಒಂದೊಂದು ವಿಭಾಗಕ್ಕೆ ಹತ್ತು ಹನ್ನೆರಡು ಸೀಟು, ಅದಕ್ಕೇ ಕಷ್ಟ ಅನ್ನೋದು. ಲಿಖಿತ ಪರೀಕ್ಷೆಯಲ್ಲಿ ಜಿಕೆ ಬಾಯಿಪಾಠ ಮಾಡಿದವರಿಗಿಂತ ನೋಡಿದ್ದನ್ನ ಬರೆಯೋಕೆ ಬರುವವರಿಗೆ ಅನುಕೂಲ. ನಿಮ್ಮ ಪೋಸ್ಟಿನಲ್ಲಿ ಕೌಂಟರಿನವರು ನಕ್ಕಿದ್ದು, ನಿಮ್ಮಪ್ಪ ಕಣದ ಮಾತು ಆಡಿದ್ದು ಬರೆದಿದ್ದೀರಲ್ಲ, ಅದೇ ತರಹ ಬರೆದರೆ ಆಯ್ತು.

ಸ್ವಾತಂತ್ರ್ಯದ ವಿಷಯ ಹೇಳಬೇಕಂದ್ರೆ, ಸರ್ಕಾರಿ ಸಂಸ್ಥೆಗಳು ಸ್ವರ್ಗ ಏನಲ್ಲ. ಎರಡೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗೇ ಬರುತ್ತವೆ, ಸೆನ್ಸಾರ್ ಮಂಡಳಿಯೂ ಅದೇ ಸಚಿವಾಲಯದ್ದು. 2015ರಲ್ಲಿ ಪುಣೆಯವರು ನಟ ಗಜೇಂದ್ರ ಚೌಹಾಣ್ ಅವರನ್ನ ಅಧ್ಯಕ್ಷರನ್ನಾಗಿ ಮಾಡಿದ್ದಕ್ಕೆ 139 ದಿನ ಮುಷ್ಕರ ಮಾಡಿದರು, ನೇಮಕ ರದ್ದಾಗಲಿಲ್ಲ. ನಡುರಾತ್ರಿ ಪೊಲೀಸರು ಬಂದು ವಿದ್ಯಾರ್ಥಿಗಳನ್ನ ಹಿಡಿದೊಯ್ದರು. 2024ರ ಗಲಾಟೆಯಲ್ಲಿ ಹೊಡೆಸಿಕೊಂಡ ಕಡೆಯ ಹುಡುಗರ ಮೇಲೂ ಬ್ಯಾನರ್ ಹಾಕಿದ್ದಕ್ಕೆ ಕೇಸು ಬಿತ್ತು. ನಿಮ್ಮಪ್ಪ ಹೆದರೋದು ತಪ್ಪಲ್ಲ. ಮೂರು ವರ್ಷದ ಕೋರ್ಸು ಮೂರೇ ವರ್ಷಕ್ಕೆ ಮುಗಿಯುತ್ತೆ ಅಂತಲೂ ಅವರಿಗೆ ಹೇಳಬೇಡಿ. ಪುಣೆಯ 2008ರ ಬ್ಯಾಚಿನವರ ಡಿಪ್ಲೊಮಾ ಫಿಲ್ಮು 2015ರಲ್ಲೂ ಬಾಕಿ ಇತ್ತು.

ಆದರೂ ನಾನು ಇಲ್ಲಿಗೆ ಬಂದದ್ದು ಒಳ್ಳೇದಾಯ್ತು ಅನ್ನೋದಕ್ಕೆ ಕಾರಣ ಕ್ಲಾಸ್‌ಮೇಟುಗಳು. ನಮ್ಮ ಬ್ಯಾಚಿನಲ್ಲಿ ಮಣಿಪುರದವಳು, ಮಲಪ್ಪುರಂನವನು, ಬನಾರಸಿನ ಪಂಡಿತರ ಮಗ ಎಲ್ಲ ಇದ್ದಾರೆ. ನಾನು ನಮ್ಮೂರ ಉರುಸಿನ ಬಗ್ಗೆ ಸ್ಕ್ರಿಪ್ಟ್ ಬರೆದಾಗ ಮಲಪ್ಪುರಂನವನು ಮೂರು ಕಡೆ ಗೆರೆ ಎಳೆದು "ಇದು ನಿನಗೆ ಯಾರು ಹೇಳಿದ್ದು?" ಅಂತ ಕೇಳಿದ. ಎರಡು ಕಡೆ ಅವನು ಹೇಳಿದ್ದು ಸರಿ ಇತ್ತು, ಒಂದು ಕಡೆ ನಾನು ಬಿಟ್ಟುಕೊಡಲಿಲ್ಲ, ಇನ್ನೂ ಜಗಳ ಇದೆ. ಆದರೆ ಶೂಟ್ ದಿನ ಬೂಮ್ ಮೈಕ್ ಹಿಡಿದವನು ಅವನೇ. ಮುಚ್ಚಳಿಕೆ ಬರೆಸಿಕೊಂಡ ಕಡೆ ಈ ಮಾತುಕತೆಯೇ ನಡೆಯಲ್ಲ. ವಿಭಾಗ ಒಪ್ಪಿತಾ ಇಲ್ವಾ, ಅಷ್ಟಕ್ಕೇ ಮುಗಿದುಹೋಗುತ್ತೆ.

ಕಾಲೇಜು ನೋಡೋಕೆ ಹೋದಾಗ ಸ್ಟುಡಿಯೋ ಜೊತೆಗೆ ಹೋದ ವರ್ಷದ ವಿದ್ಯಾರ್ಥಿಗಳ ಚಿತ್ರಗಳನ್ನೂ ಕೇಳಿ. ಎಲ್ಲವೂ ಮಾಲಿನ್ಯ, ಮೊಬೈಲ್ ಚಟ, ಅಜ್ಜ ಮೊಮ್ಮಗನ ಪ್ರೀತಿ ಅಂತಲೇ ಇದ್ದರೆ ಅಲ್ಲೇನು ನಡೀತಿದೆ ಅಂತ ಗೊತ್ತಾಗುತ್ತೆ.

ಗಾಂಧಿ_ಕ್ಲಾಸ್

ಹೀಗೆ ಚುಚ್ಚೋ ಮಾತು ತೆಗೆಸೋದನ್ನು ಈಚೆಗೆ ದೊಡ್ಡ ಮಟ್ಟದಲ್ಲೇ ನೋಡಿದೆವಲ್ಲ. 2025ರಲ್ಲಿ ಫುಲೆ ಸಿನಿಮಾ. ಏಪ್ರಿಲ್ 11ಕ್ಕೆ ಬರಬೇಕಿತ್ತು, ಜ್ಯೋತಿಬಾ ಫುಲೆ ಹುಟ್ಟಿದ ದಿನ. ಮಹಾರಾಷ್ಟ್ರದ ಬ್ರಾಹ್ಮಣ ಸಂಘಟನೆಗಳು ಆಕ್ಷೇಪಿಸಿದವು, ಮಹಾರ್, ಮಾಂಗ್ ಅನ್ನೋ ಜಾತಿ ಹೆಸರುಗಳಿಗೆ ಮಂಡಳಿಯ ಕತ್ತರಿ ಬಿತ್ತು, ಎರಡು ವಾರ ತಡವಾಗಿ ಬಂತು. ಜಾತಿಯ ಹೆಸರೆತ್ತದೆ ಫುಲೆಯವರ ಕಥೆ ಹೇಳಿ ಅಂದರೆ ಏನು ಹೇಳೋದು, ಅವರು ಪುಣೆಯಲ್ಲಿ ಹೂವಿನ ವ್ಯಾಪಾರ ಮಾಡ್ತಿದ್ದರು ಅಂತಲಾ?

ಕುಂದಾಪುರ_ಭಟ್ರು

ಫುಲೆ ವಿಷಯದಲ್ಲಿ ನನ್ನ ತಕರಾರಿಲ್ಲ, ಇತಿಹಾಸ ಇತಿಹಾಸವೇ. ಘಟಶ್ರಾದ್ಧ ನೋಡಿದ್ದೇನೆ ಮೇಷ್ಟ್ರೇ, ಇಷ್ಟ ಆಗಿತ್ತು, ತಡೆದುಕೊಳ್ಳೋದು ಕಷ್ಟವೂ ಆಗಿತ್ತು. ಆದರೆ ಪೊಗರು ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ. ಎಲ್ಲರೂ ಕಾಸರವಳ್ಳಿ ಆಗಲ್ಲ.

ತುಂಗಾ_ತೀರ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ.

ಲಾ ಯೋಚನೆ ಸದ್ಯಕ್ಕೆ ಬಿಟ್ಟೆ. ಪರೀಕ್ಷೆ ಬರೀತೀನಿ, ಎರಡೂ ಸಂಸ್ಥೆಗೆ. ಸಿಗದಿದ್ದರೆ ಒಂದು ವರ್ಷ ಇಲ್ಲೇ ಮದುವೆ ವಿಡಿಯೋ ಎಡಿಟ್ ಮಾಡ್ತಾ ಮತ್ತೆ ಬರೀತೀನಿ ಅಂತ ಅಪ್ಪನ ಹತ್ತಿರ ಹೇಳಿದೆ. ಅವರು ಏನೂ ಹೇಳಲಿಲ್ಲ, ಅಂದ್ರೆ ಅರ್ಧ ಒಪ್ಪಿದ ಹಾಗೆ. ಖಾಸಗಿ ವಿವಿಗೆ ಫೋನ್ ಮಾಡಿ ಹಳೇ ವಿದ್ಯಾರ್ಥಿಗಳ ಚಿತ್ರ ನೋಡಬಹುದಾ ಅಂತ ಕೇಳಿದೆ. ಲಿಂಕ್ ಕಳಿಸಿದರು. ಬೈಪಾಸ್ ಅಣ್ಣ, ಮಾಲಿನ್ಯದ ಮೇಲೆ ನಾಲ್ಕು ಇದ್ದವು. ಒಂದು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಲೈಟಿಂಗ್ ನಮ್ಮ ಕೈಲಿ ಆಗದಷ್ಟು ಚೆನ್ನಾಗಿತ್ತು.

ಭಟ್ರೇ, ನಿಮ್ಮ ಮಗನ ವಿಷಯ ತಲೆಯಲ್ಲಿ ಉಳೀತು. ನನ್ನ ಚಿತ್ರದಲ್ಲೂ ಪೂಜಾರಿ ಪಾತ್ರ ಇದೆ, ಅವನಿಗೆ ಒಂದೇ ಮಾತು, ಅದೂ ಗದರೋದು. ಅದನ್ನ ಬದಲಾಯಿಸಲ್ಲ. ಅವನು ಯಾಕೆ ಗದರ್ತಾನೆ ಅಂತ ಮಾತ್ರ ನನಗೇ ಗೊತ್ತಿರಲಿಲ್ಲ ಅನ್ನೋದು ಈಗ ಹೊಳೀತು.

ಕೊನೇ ಪ್ರಶ್ನೆ, ವಕೀಲರಿಗೆ. ಆ ಕಿರುಚಿತ್ರ ಯೂಟ್ಯೂಬಿಗೆ ಹಾಕೋಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಾ? ಚಿತ್ರೋತ್ಸವಕ್ಕೆ ಕಳಿಸಿದರೆ?

ಕಪ್ಪುಕೋಟು

ಯೂಟ್ಯೂಬಿಗೆ ಬೇಡ. ಸಿನಿಮಾಟೋಗ್ರಾಫ್ ಕಾಯ್ದೆಯ ಸರ್ಟಿಫಿಕೇಟ್ ಇರೋದು ಸಾರ್ವಜನಿಕ ಪ್ರದರ್ಶನಕ್ಕೆ. ಆನ್‌ಲೈನಿಗೆ ಐಟಿ ಕಾಯ್ದೆ, ಒಟಿಟಿಗಳಿಗೆ 2021ರ ನಿಯಮ. ಹಾಗಂತ ಅಲ್ಲಿ ಪೂರ್ತಿ ನಿಶ್ಚಿಂತೆ ಅಂದುಕೊಳ್ಳಬೇಡಿ. ನಯನತಾರಾ ನಟಿಸಿದ ಅನ್ನಪೂರಣಿ ಸರ್ಟಿಫಿಕೇಟ್ ಪಡೆದು 2023ರ ಡಿಸೆಂಬರ್ 1ಕ್ಕೆ ಥಿಯೇಟರಿನಲ್ಲಿ ಓಡಿತ್ತು, ಏನೂ ಆಗಿರಲಿಲ್ಲ. ನೆಟ್‌ಫ್ಲಿಕ್ಸಿಗೆ ಬಂದಮೇಲೆ ರಾಮ ಮಾಂಸ ತಿಂದ ಅನ್ನೋ ಒಂದು ಮಾತಿಗೆ ಪೊಲೀಸ್ ದೂರು ಬಿದ್ದು, ಜನವರಿಯಲ್ಲಿ ಸಿನಿಮಾವನ್ನೇ ತೆಗೆದರು.

ಚಿತ್ರೋತ್ಸವಕ್ಕೆ ಸರ್ಟಿಫಿಕೇಟ್ ಇಲ್ಲದ ಚಿತ್ರ ತೋರಿಸೋದಾದರೆ ಸಚಿವಾಲಯದಿಂದ ವಿನಾಯಿತಿ ಬೇಕು. ಅದನ್ನ ಸಾಮಾನ್ಯವಾಗಿ ಉತ್ಸವದವರೇ ಕೇಳ್ತಾರೆ, ನೀವಲ್ಲ. ನಿಮ್ಮ ಚಿತ್ರಕ್ಕೇ ಸರ್ಟಿಫಿಕೇಟ್ ಮಾಡಿಸಬೇಕು ಅಂದರೆ ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ, ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಅರ್ಜಿ ಆನ್‌ಲೈನ್.

ಆ ಮುಚ್ಚಳಿಕೆಯ ಫೋಟೋ ಇದ್ದರೆ ವಿವಿಯ ಹೆಸರು ಮುಚ್ಚಿ ನನಗೆ ಮೆಸೇಜ್ ಮಾಡಿ. ಶಿಸ್ತುಕ್ರಮ ಅಂದರೆ ಏನು ಅಂತ ಅದರಲ್ಲಿ ಬರೆದಿದ್ದಾರಾ, ಮೇಲ್ಮನವಿಗೆ ಅವಕಾಶ ಇದೆಯಾ ನೋಡ್ತೀನಿ. ಸಹಿ ಹಾಕೋದೇ ಆದರೆ ಅದೆರಡನ್ನ ಬರಹದಲ್ಲಿ ಕೇಳಿ ಆಮೇಲೆ ಹಾಕಿ.